ನಡುರಾತ್ರಿಯ ಮಲ್ಲಿಗೆ, ಮಣಿಕಟ್ಟಿನ ಮೇಲೆ

ಮಲ್ಲಿಗೆ ಹೆಸರಿನ ಸೆಂಟುಗಳಲ್ಲಿ ಹೆಚ್ಚಿನವಕ್ಕೆ ರಾತ್ರಿ ಆಗುವುದೇ ಇಲ್ಲ. ಸಂಜೆ ಮೊಗ್ಗು ಬಿರಿಯುವ ಹೊತ್ತಿನ ತಂಪು ಪರಿಮಳ ಇರುತ್ತದಲ್ಲ, ಅಲ್ಲಿಗೇ ನಿಂತುಬಿಡುತ್ತವೆ. ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಮಲ್ಲಿಗೆ ಮುಡಿದು ಮಲಗಿದವರಿಗೆ ಗೊತ್ತು, ಹೂವಿನ ನಿಜವಾದ ಆಟ ಶುರುವಾಗುವುದು ಆಮೇಲೆ. ಹತ್ತು ಗಂಟೆಗೆ ಕೋಣೆ ತುಂಬುತ್ತದೆ. ನಡುರಾತ್ರಿ ಎಚ್ಚರವಾದರೆ ಪರಿಮಳ ಎಷ್ಟು ದಪ್ಪಗಾಗಿರುತ್ತದೆ ಅಂದರೆ ಎದ್ದು ಕಿಟಕಿ ತೆಗೆಯಬೇಕು ಅನಿಸುತ್ತದೆ. ಬೆಳಗ್ಗೆ ದಿಂಬಿನ ಮೇಲೆ ಉದುರಿದ ಹೂವಿನ ಅಂಚು ಕಂದಿರುತ್ತದೆ, ಸಿಹಿಯ ಜೊತೆ ಒಂದು ಕೊಳೆತ ಎಳೆಯೂ ಸೇರಿರುತ್ತದೆ, ಆದರೂ ಅದನ್ನು ಎತ್ತಿ ಮೂಗಿಗೆ ಹಿಡಿಯದೆ ಇರಲು ಆಗುವುದಿಲ್ಲ.

ಆ ಇಡೀ ರಾತ್ರಿ ಒಂದು ಬಾಟಲಿಯೊಳಗೆ ಇರಬಹುದು ಅಂತ ನನಗೆ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಅಲ್ಲಿಂದ ಇಲ್ಲಿವರೆಗೆ ಮಲ್ಲಿಗೆ ಸೆಂಟ್ ಹಚ್ಚಿಕೊಳ್ಳುವುದು ನನ್ನ ದಿನದ ದೊಡ್ಡ ಸುಖಗಳಲ್ಲಿ ಒಂದಾಗಿದೆ. ಇದರ ಬಗ್ಗೆ ಸರಿಯಾಗಿ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ನಾನು ಉಡುಪಿ ಕಡೆಯವಳು. ಅಲ್ಲಿ ಮಲ್ಲಿಗೆ ಅಂದರೆ ಶಂಕರಪುರ ಮಲ್ಲಿಗೆ. ಕಾಪು, ಕಟಪಾಡಿ, ಶಿರ್ವ, ಬೆಳ್ಮಣ್ ಸುತ್ತಮುತ್ತ ಎಷ್ಟೋ ಮನೆಗಳ ಅಂಗಳದಲ್ಲಿ ಗಿಡ ಇದೆ. ತೋಟ ಅಂತ ದೊಡ್ಡದಾಗಿ ಇರಬೇಕಾಗಿಲ್ಲ, ಬಾವಿಕಟ್ಟೆ ಪಕ್ಕ ಹತ್ತಿಪ್ಪತ್ತು ಗಿಡ ಇದ್ದರೂ ಆಯಿತು. ಬೆಳಕು ಹರಿಯುವ ಮೊದಲೇ ಮೊಗ್ಗು ಕೀಳುತ್ತಾರೆ. ಬಾಳೆ ನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಲೆಕ್ಕ ಮೊಳದಲ್ಲಿ ಅಲ್ಲ, ಚೆಂಡು ಮತ್ತು ಅಟ್ಟೆಯಲ್ಲಿ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನಾ ಬದಲಾಗುತ್ತದೆ. ಮದುವೆ ಕಾಲ, ಹಬ್ಬದ ಕಾಲ ಬಂತೆಂದರೆ ಒಂದು ಅಟ್ಟೆ ಸಾವಿರ ದಾಟುತ್ತದೆ, ಮಳೆಗಾಲದಲ್ಲಿ ಹೂವು ಕಡಿಮೆ. ಮುಂಬಯಿಗೂ ಹೋಗುತ್ತದೆ. ಈ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಮೈಸೂರು ಮಲ್ಲಿಗೆಗೂ ಹಡಗಲಿ ಮಲ್ಲಿಗೆಗೂ ಸಿಕ್ಕಿದೆ. ಆದರೆ ನಮಗೆಲ್ಲ ಅದು ಮೊದಲಿಗೆ ದುಡ್ಡಿನ ಹೂವು. ಶಾಲೆಯ ಫೀಸು, ದೀಪಾವಳಿ ಬಟ್ಟೆ, ಅಮ್ಮನ ಕೈಖರ್ಚು ಎಲ್ಲ ಅದರಿಂದ ಬಂದದ್ದು. ಹಾಗಾಗಿ ಮನೆತುಂಬ ಮಲ್ಲಿಗೆ ಇದ್ದರೂ ಮುಡಿಯಲು ಸಿಗುತ್ತಿದ್ದದ್ದು ಉಳಿದದ್ದು, ಸಣ್ಣದ್ದು, ಚೆಂಡಿಗೆ ಸೇರದ್ದು.

ಬೆಂಗಳೂರಿಗೆ ಬಂದ ಮೇಲೆ ಹೂ ಮುಡಿಯುವುದು ಹಬ್ಬಕ್ಕೆ ಮಾತ್ರ ಅಂತಾಯಿತು. ಆಮೇಲೆ ಕೂದಲು ಕತ್ತರಿಸಿಕೊಂಡೆ, ಅದೂ ನಿಂತಿತು. ಮಲ್ಲಿಗೆ ಅಂತ ಬರೆದ ಊದುಬತ್ತಿ, ತಲೆಗೆಣ್ಣೆ, ಪೌಡರು, ಕಾರಿನಲ್ಲಿ ನೇತುಹಾಕುವ ಪರಿಮಳದ ಡಬ್ಬಿ, ಇವು ಎಲ್ಲರ ಮನೆಯಲ್ಲೂ ಇದ್ದಂತೆ ನಮ್ಮಲ್ಲೂ ಇದ್ದವು. ಯಾವುದೂ ನನ್ನನ್ನು ಎಳೆಯಲಿಲ್ಲ. ಕಾರಣ ಆಮೇಲೆ ತಿಳಿಯಿತು. ಮಲ್ಲಿಗೆ ಹೂವಿನ ಪರಿಮಳದಲ್ಲಿ ನೂರಕ್ಕೂ ಜಾಸ್ತಿ ಬೇರೆ ಬೇರೆ ಅಣುಗಳು ಇರುತ್ತವೆ. ಅದರಲ್ಲಿ ಪ್ರಮಾಣದಲ್ಲಿ ಮುಂದಿರುವುದು ಬೆಂಜೈಲ್ ಅಸಿಟೇಟ್. ಸಿಹಿ, ಬಾಳೆಹಣ್ಣಿನ ಹತ್ತಿರದ ವಾಸನೆ. ಇದನ್ನು ಕಾರ್ಖಾನೆಯಲ್ಲಿ ಬಹಳ ಅಗ್ಗವಾಗಿ ಮಾಡಬಹುದು. ಇದರ ಜೊತೆಗೆ ಅಮೈಲ್ ಸಿನಮಿಕ್ ಆಲ್ಡಿಹೈಡ್ ಅಂತ ಇನ್ನೊಂದು ಸೇರಿಸಿದರೆ ಯಾರು ಮೂಸಿದರೂ ‘ಓ, ಮಲ್ಲಿಗೆ’ ಅನ್ನುತ್ತಾರೆ. ಸೋಪಿಗೆ, ಪೌಡರಿಗೆ ಅಷ್ಟು ಸಾಕು. ಅದು ಮೋಸವೇನಲ್ಲ, ಬೆಂಜೈಲ್ ಅಸಿಟೇಟ್ ನಿಜವಾದ ಹೂವಿನಲ್ಲೂ ಇರುವಂಥದ್ದೇ. ಆದರೆ ಅದೊಂದೇ ಇದ್ದರೆ ಹೂವು ಎಷ್ಟು ಹೊತ್ತಾದರೂ ಒಂದೇ ಥರ ಇರುತ್ತದೆ. ಬಾಡುವುದೂ ಇಲ್ಲ, ಅರಳುವುದೂ ಇಲ್ಲ.

ನನಗೆ ದಾರಿ ತೋರಿಸಿದ್ದು ಅಕ್ಕನ ಮಗಳು. ಅವಳಿಗೆ ಸೆಂಟಿನ ಹುಚ್ಚು. ದೊಡ್ಡ ಬಾಟಲಿ ಕೊಳ್ಳುವುದಿಲ್ಲ, ಗೆಳತಿಯರೆಲ್ಲ ಸೇರಿ ಒಂದು ತರಿಸಿ ಸಣ್ಣ ಶೀಶೆಗಳಲ್ಲಿ ಹಂಚಿಕೊಳ್ಳುತ್ತಾರೆ. ಒಂದು ದಿನ ಹೆಸರು ಹೇಳದೆ ನನ್ನ ಮಣಿಕಟ್ಟಿಗೆ ಒಂದು ಸಲ ಹೊಡೆದು, ‘ಚಿಕ್ಕಮ್ಮ, ನಿಮ್ಮೂರಿನದ್ದೇ ಇದು, ನೋಡಿ’ ಅಂದಳು.

ಮೊದಲ ಕ್ಷಣ ಜೋರಾಯಿತು. ಹಸಿ ಎಲೆ ಮುರಿದ ವಾಸನೆ, ಅದರ ಹಿಂದೆಯೇ ಜೇನು, ಒಂದು ಚೂರು ಲವಂಗ. ಐದು ನಿಮಿಷಕ್ಕೆ ಹೂವು ಬಂತು. ಒಂದೆರಡು ಹೂವಲ್ಲ, ಮದುವೆಮನೆಯ ಕೋಣೆಯಲ್ಲಿ ಬಾಗಿಲು ಹಾಕಿ ಇಟ್ಟ ಅಷ್ಟೂ ಹೂವು. ಅದರ ಅಡಿಯಲ್ಲಿ ನುಸಿಗುಳಿಗೆಯ ಹತ್ತಿರದ ಒಂದು ಕಪ್ಪು ವಾಸನೆ. ಇದು ಬೇಕಾ ಬೇಡವಾ ಅಂತ ನನಗೇ ಗೊತ್ತಾಗಲಿಲ್ಲ. ಆದರೆ ಕೈ ಮೂಗಿನ ಹತ್ತಿರದಿಂದ ಕೆಳಗಿಳಿಯಲಿಲ್ಲ. ಅನ್ನ ಬಸಿಯುವಾಗ ಮೂಸಿದೆ, ಫೋನಿನಲ್ಲಿ ಮಾತಾಡುತ್ತಾ ಮೂಸಿದೆ, ಮಧ್ಯಾಹ್ನ ನಿದ್ದೆ ಹತ್ತುವಾಗ ಕೈ ದಿಂಬಿನ ಮೇಲೆ ಮುಖದ ಪಕ್ಕದಲ್ಲೇ ಇತ್ತು. ಸಂಜೆಗೆ ಜೋರೆಲ್ಲ ಇಳಿದು, ಚರ್ಮಕ್ಕೆ ಅಂಟಿದ ಹಾಗೆ ಬೆಚ್ಚಗಿನ ಹೂವಿನ ವಾಸನೆ ಉಳಿಯಿತು. ಮಲ್ಲಿಗೆ ಮುಡಿದು ಬಿಚ್ಚಿದ ಮೇಲೆ ಕೂದಲಿನಲ್ಲಿ ಉಳಿಯುವುದು ಇದೇ. ಮೂವತ್ತು ವರ್ಷದ ಹಿಂದಿನ ನನ್ನ ಜಡೆಯ ವಾಸನೆ ನನ್ನ ಕೈಯಿಂದ ಬರುತ್ತಿತ್ತು.

ಆ ಸೆಂಟಿನ ಹೆಸರು ‘ಆ ಲಾ ನ್ವಿ’. ಫ್ರಾನ್ಸಿನ ಸೆರ್ಜ್ ಲ್ಯೂಟೆನ್ಸ್ ಅವರ ಕಂಪನಿಯದ್ದು, 2000ರಲ್ಲಿ ಬಂದದ್ದು, ಹದಮಾಡಿದವರು ಕ್ರಿಸ್ಟೋಫರ್ ಶೆಲ್ಡ್ರೇಕ್. ಫ್ರೆಂಚಿನಲ್ಲಿ ‘ನ್ವಿ’ ಅಂದರೆ ರಾತ್ರಿ, ಹೆಸರಿನಲ್ಲೇ ರಾತ್ರಿ ಇದೆ ಅಂತ ಗೊತ್ತಾದಾಗ ಖುಷಿಯಾಯಿತು. ಯಾರೋ ಎಲ್ಲೋ ಕೂತು ಮಲ್ಲಿಗೆಯನ್ನು ನಮ್ಮಂತೆಯೇ ಅರ್ಥ ಮಾಡಿಕೊಂಡಿದ್ದಾರೆ, ಅಲ್ವಾ.

ಆ ಕಪ್ಪು ವಾಸನೆ ಏನು ಅಂತ ಹುಡುಕಿದೆ. ಅದರ ಹೆಸರು ಇಂಡೋಲ್. ಶುದ್ಧ ರೂಪದಲ್ಲಿ ಬಿಳಿ ಹರಳು. ಗಟ್ಟಿಯಾಗಿ ಮೂಸಿದರೆ ನುಸಿಗುಳಿಗೆ, ಕೊಳಕು, ಇನ್ನೂ ನೇರ ಹೇಳಬೇಕೆಂದರೆ ಮಲದ ವಾಸನೆ. ಮಲದಲ್ಲೂ ಇಂಡೋಲ್ ಇರುತ್ತದೆ. ಅದನ್ನೇ ತೀರಾ ತೆಳುಮಾಡಿದರೆ ಹೂವಾಗುತ್ತದೆ. ಮಲ್ಲಿಗೆಯಲ್ಲಿ ಇದೆ, ಕಿತ್ತಳೆ ಹೂವಿನಲ್ಲಿ ಇದೆ, ಸುಗಂಧರಾಜದಲ್ಲಿ ಇದೆ. ಗಮನಿಸಿ, ಎಲ್ಲ ಬಿಳಿ ಹೂವುಗಳು. ಮಲ್ಲಿಗೆ ರಾತ್ರಿ ಅರಳಿ ಪರಿಮಳ ಚೆಲ್ಲುವುದು ಪತಂಗಗಳಿಗಾಗಿ. ಕತ್ತಲೆಯಲ್ಲಿ ಬಣ್ಣ ಕಾಣುವುದಿಲ್ಲ, ಹಾಗಾಗಿ ಹೂವಿಗೆ ಬಣ್ಣ ಬೇಡ, ವಾಸನೆ ದೂರ ಹೋದರೆ ಸಾಕು. ನಮ್ಮ ದೇವರ ಕೋಣೆಯ, ಮದುವೆಯ, ಬಾಣಂತಿಯ, ಎಲ್ಲ ಶುಭದ ಹೂವಿನ ಹೊಟ್ಟೆಯೊಳಗೆ ಇಂಥದ್ದೊಂದು ಇದೆ ಅಂತ ತಿಳಿದಾಗ ನನಗೆ ಸ್ವಲ್ಪವೂ ಬೇಸರ ಆಗಲಿಲ್ಲ. ಮಲ್ಲಿಗೆ ಯಾಕೆ ಬರೀ ಸಿಹಿಯಾಗಿ ಮುಗಿದುಹೋಗುವುದಿಲ್ಲ, ಯಾಕೆ ಅದನ್ನು ಮೂಸಿದಷ್ಟೂ ಮತ್ತೆ ಮೂಸಬೇಕು ಅನಿಸುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತು. ಇಂಡೋಲ್ ತೆಗೆದುಬಿಟ್ಟ ಮಲ್ಲಿಗೆ ಚೊಕ್ಕಟವಾಗಿರುತ್ತದೆ, ಆದರೆ ಅದರಲ್ಲಿ ಮೈ ಇರುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ದಾರಿ ಹಿಡಿದವರೂ ಇದ್ದಾರೆ, ಅದನ್ನೂ ಹೇಳಬೇಕು. ಮಲ್ಲಿಗೆಯ ಅಣುಗಳನ್ನು ಅಭ್ಯಾಸ ಮಾಡುತ್ತಾ ಹೆಡಿಯೋನ್ ಅನ್ನುವ ಒಂದು ವಸ್ತು ಸಿಕ್ಕಿತು. ಅದಕ್ಕೆ ಭಾರವೇ ಇಲ್ಲ. ಮಲ್ಲಿಗೆ ಗಿಡ ದಾಟಿ ಬಂದ ಗಾಳಿ ಮಾತ್ರ ಇದೆ, ಗಿಡ ಇಲ್ಲ, ಅಂಥ ಒಂದು ತೆಳು ವಾಸನೆ. ಸೆಂಟ್ ಹದಮಾಡುವ ಎದ್ಮೊಂ ರೂದ್ನಿಟ್ಸ್ಕಾ 1966ರಲ್ಲಿ ಡಿಯೋರ್ ಕಂಪನಿಗೆ ಮಾಡಿಕೊಟ್ಟ ‘ಓ ಸೊವಾಜ್’ನಲ್ಲಿ ಅದನ್ನು ಬಳಸಿದರು, ಅಲ್ಲಿಂದ ಅದು ಎಲ್ಲ ಕಡೆ ಹಬ್ಬಿತು. ಅದು ಗಂಡಸರ ಸೆಂಟ್. ಅಂದರೆ ನಿಂಬೆ ವಾಸನೆ ಚೆನ್ನಾಗಿದೆ ಅಂತ ಅದನ್ನು ಹಾಕಿಕೊಂಡ ಗಂಡಸರೆಲ್ಲ ಒಳಗೊಂದು ಮಲ್ಲಿಗೆಯ ಗಾಳಿಯನ್ನೂ ಹೊತ್ತುಕೊಂಡು ತಿರುಗಿದ್ದಾರೆ. ಹೆಡಿಯೋನ್ ನನಗೂ ಇಷ್ಟ, ಬೇಸಿಗೆಯಲ್ಲಿ, ಆಫೀಸಿಗೆ. ಮಲ್ಲಿಗೆಯ ಹಸಿವಾದಾಗ ಮಾತ್ರ ಅದು ಸಾಲುವುದಿಲ್ಲ.

ಸೆಂಟ್ ಮಾಡುವವರಿಗೆ ಮುಖ್ಯವಾಗಿ ಎರಡು ಮಲ್ಲಿಗೆ ಬೇಕು. ಒಂದು ನಮ್ಮ ಜಾಜಿ. ಉದ್ದ ತೊಟ್ಟು, ತೆಳು ಎಸಳು, ಹಿಂಬದಿಗೆ ಕೆಂಪು ಛಾಯೆ. ಅದರ ಪರಿಮಳ ಹಣ್ಣಿನ ಕಡೆಗೆ ಹೋಗುತ್ತದೆ, ಮೆತ್ತಗೆ, ಬೆಚ್ಚಗೆ. ಫ್ರಾನ್ಸಿನ ಗ್ರಾಸ್ ಊರಿನ ಮಲ್ಲಿಗೆ ಅಂತ ದೊಡ್ಡ ಹೆಸರಿರುವುದು ಇದಕ್ಕೇ. ಈಜಿಪ್ಟಿನಲ್ಲೂ ಭಾರತದಲ್ಲೂ ಇದು ಬಹಳ ಬೆಳೆಯುತ್ತದೆ. ಇನ್ನೊಂದು ದುಂಡುಮಲ್ಲಿಗೆ, ನಮ್ಮ ಶಂಕರಪುರದ್ದೂ ಅದೇ ಜಾತಿಯದ್ದು. ಇದರ ಪರಿಮಳ ಹೆಚ್ಚು ಹಸಿರು, ಹೆಚ್ಚು ಹರಿತ, ಒಳಗೆ ದ್ರಾಕ್ಷಿಯ ಒಂದು ಎಳೆ. ಚೀನಾದಲ್ಲಿ ಚಹಾ ಎಲೆಯ ನಡುವೆ ರಾತ್ರಿ ಇದೇ ಹೂವನ್ನು ಹರಡಿ ಪರಿಮಳ ಹಿಡಿಸುತ್ತಾರೆ. ಯಾವುದು ಮೇಲು ಅಂತ ಕೇಳಿದರೆ ನಾನು ನಿಷ್ಪಕ್ಷಪಾತವಾಗಿ ಹೇಳಲಾರೆ, ನನ್ನದು ದುಂಡುಮಲ್ಲಿಗೆ.

ದುಂಡುಮಲ್ಲಿಗೆಯ ಪರಿಮಳ ತೆಗೆಯುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುವುದು ತಮಿಳುನಾಡಿನಲ್ಲಿ. ಬೆಳಗ್ಗೆ ಕಿತ್ತ ಮೊಗ್ಗು ಕಾರ್ಖಾನೆಗೆ ಬರುತ್ತದೆ. ಬಂದ ಕೂಡಲೇ ಏನೂ ಮಾಡುವುದಿಲ್ಲ. ನೆಲದ ಮೇಲೆ ತೆಳ್ಳಗೆ ಹರಡಿ ಕಾಯುತ್ತಾರೆ. ಯಾಕೆಂದರೆ ಮೊಗ್ಗಿನಲ್ಲಿ ಪರಿಮಳ ಇನ್ನೂ ತಯಾರೇ ಆಗಿಲ್ಲ. ಕಿತ್ತ ಮೇಲೂ ಮಲ್ಲಿಗೆ ಬದುಕಿರುತ್ತದೆ, ಸಂಜೆ ಹೊತ್ತಿಗೆ ತಾನಾಗಿ ಬಿರಿಯುತ್ತದೆ, ರಾತ್ರಿಯಿಡೀ ಪರಿಮಳ ಮಾಡುತ್ತಲೇ ಇರುತ್ತದೆ. ಪೂರ್ತಿ ಅರಳಿದ ಮೇಲೆ, ರಾತ್ರಿ ಹೊತ್ತಿನಲ್ಲಿ ಕೆಲಸ ಶುರು. ಗುಲಾಬಿಗೆ ಮಾಡಿದ ಹಾಗೆ ಹಬೆ ಹಾಯಿಸಿದರೆ ಮಲ್ಲಿಗೆಯ ಪರಿಮಳ ಬಹಳಷ್ಟು ಕೆಟ್ಟುಹೋಗುತ್ತದೆ. ಅದಕ್ಕೆ ಹೆಕ್ಸೇನ್ ಅನ್ನುವ ದ್ರಾವಕದಲ್ಲಿ ಹೂವನ್ನು ನೆನೆಸುತ್ತಾರೆ. ಆಮೇಲೆ ಹೆಕ್ಸೇನ್ ಹಾರಿಸಿದರೆ ಮೇಣದಂಥ ಗಟ್ಟಿ ಮುದ್ದೆ ಉಳಿಯುತ್ತದೆ, ಅದಕ್ಕೆ ಕಾಂಕ್ರೀಟ್ ಅನ್ನುತ್ತಾರೆ. ಅದನ್ನು ಆಲ್ಕೋಹಾಲಿನಲ್ಲಿ ತೊಳೆದು, ತಣ್ಣಗೆ ಮಾಡಿ, ಮೇಣ ಸೋಸಿ, ಆಲ್ಕೋಹಾಲನ್ನೂ ಹಾರಿಸಿದರೆ ಕೊನೆಗೆ ಸಿಗುವುದು ಅಬ್ಸಲ್ಯೂಟ್. ಕೆಂಪು ಮಿಶ್ರಿತ ಕಂದು ಬಣ್ಣ, ಎಣ್ಣೆಗಿಂತ ಮಂದ. ಒಂದು ಕಿಲೋ ಅಬ್ಸಲ್ಯೂಟ್‌ಗೆ ಹೆಚ್ಚುಕಡಿಮೆ 700 ಕಿಲೋ ಹೂ ಬೇಕು. ಒಂದೊಂದು ಮೊಗ್ಗನ್ನೂ ಕೈಯಲ್ಲೇ ಕೀಳಬೇಕು, ಅದಕ್ಕೆ ಮೆಷಿನ್ ಇಲ್ಲ. ಅಂಗಳದಲ್ಲಿ ಬಗ್ಗಿ ನಿಂತು ಮೊಗ್ಗು ಕಿತ್ತವರಿಗೆ 700 ಕಿಲೋ ಅಂದರೆ ಎಷ್ಟು ಬೆನ್ನುನೋವು ಅಂತ ಬೇರೆ ಹೇಳಬೇಕಾಗಿಲ್ಲ.

ಹೆಕ್ಸೇನ್ ಬರುವ ಮೊದಲು ಗ್ರಾಸ್‌ನಲ್ಲಿ ಗಾಜಿನ ಹಲಗೆಗೆ ಕೊಬ್ಬು ಸವರಿ ಅದರ ಮೇಲೆ ಹೂ ಜೋಡಿಸುತ್ತಿದ್ದರು. ಮಾರನೇ ದಿನ ಹಳೆ ಹೂ ತೆಗೆದು ಹೊಸದು. ಕೊಬ್ಬಿಗೆ ಇನ್ನು ಪರಿಮಳ ಹಿಡಿಯದು ಅನ್ನುವವರೆಗೂ ಹೀಗೆ ವಾರಗಟ್ಟಲೆ. ನಮ್ಮ ದೇಶದಲ್ಲಿ ಕೊಬ್ಬಿನ ಕೆಲಸವನ್ನು ಎಳ್ಳು ಮಾಡುತ್ತಿತ್ತು. ಒಂದು ಪದರ ಎಳ್ಳು, ಒಂದು ಪದರ ಹೂ, ಮತ್ತೆ ಎಳ್ಳು. ಪರಿಮಳ ಕುಡಿದ ಎಳ್ಳನ್ನು ಗಾಣಕ್ಕೆ ಹಾಕಿದರೆ ಹೂವಿನ ಎಣ್ಣೆ. ಕನ್ನಡದಲ್ಲೇ ನೋಡಿದರೆ 11ನೇ ಶತಮಾನದ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆ, ಬಾವಿ, ಗಿಡಮರಗಳ ಜೊತೆ ಸುಗಂಧ ಮಾಡುವುದಕ್ಕೂ ಜಾಗ ಕೊಟ್ಟಿದ್ದಾನೆ. ಲೋಕಕ್ಕೆ ಉಪಕಾರವಾಗುವ ಸಂಗತಿಗಳಲ್ಲಿ ಸುಗಂಧವೂ ಒಂದು ಅಂತ ಅವನಿಗೆ ಅನಿಸಿತ್ತಲ್ಲ, ಅದು ನನಗೆ ಬಹಳ ಇಷ್ಟವಾದ ವಿಷಯ.

ಅತ್ತರಿನ ದಾರಿ ಬೇರೆ. ಉತ್ತರ ಪ್ರದೇಶದ ಕನ್ನೌಜಿನಲ್ಲಿ ಇವತ್ತಿಗೂ ತಾಮ್ರದ ಹಂಡೆಯಲ್ಲಿ ಹೂವು ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹಾದು ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ಪರಿಮಳ ಗಂಧದೊಳಗೆ ಕೂರುತ್ತದೆ. ಒಳ್ಳೆಯ ಮಲ್ಲಿಗೆ ಅತ್ತರು ಅಬ್ಸಲ್ಯೂಟ್‌ನಷ್ಟು ಹೂವಿನ ಹತ್ತಿರ ಇರುವುದಿಲ್ಲ, ಆದರೆ ಗಂಧದ ಮೇಲೆ ಕೂತ ಮಲ್ಲಿಗೆಗೆ ಒಂದು ನೆಮ್ಮದಿ ಇದೆ. ಗಂಧ ಅಂದ ಕೂಡಲೇ ಮೈಸೂರು ನೆನಪಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸುವುದು ನಿಂತು ಮರವೆಲ್ಲ ಇಲ್ಲೇ ಉಳಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಎಣ್ಣೆಯನ್ನು ಇಲ್ಲೇ ತೆಗೆಯೋಣ ಅಂತ ಕಾರ್ಖಾನೆ ಶುರುಮಾಡಿದರು. ಈಗ ಗಂಧದ ಎಣ್ಣೆಯ ಬೆಲೆ ಎಲ್ಲಿಗೋ ಹೋಗಿರುವುದರಿಂದ ಅಗ್ಗದ ಅತ್ತರಿಗೆ ಬೇರೆ ವಾಸನೆಯಿಲ್ಲದ ಎಣ್ಣೆ ಹಾಕುತ್ತಾರೆ. ಮೂಸಿದರೆ ಗೊತ್ತಾಗುತ್ತದೆ. ಒಂದು ಗಂಟೆಗೆ ಹೂವು ಹೋದ ಮೇಲೆ ಕೆಳಗೆ ಏನೂ ಉಳಿಯುವುದಿಲ್ಲ.

ಇಲ್ಲಿ ಒಂದು ಕಥೆ ಹೇಳಲೇಬೇಕು. 1929ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ಕುಸಿಯಿತು. ಪ್ಯಾರಿಸ್ಸಿನ ಝಾನ್ ಪಾಟೂ ಅವರ ಬಟ್ಟೆ ಅಂಗಡಿಗೆ ಬರುತ್ತಿದ್ದ ಅಮೆರಿಕದ ಶ್ರೀಮಂತ ಹೆಂಗಸರು ಬರುವುದು ನಿಂತಿತು. ಬೇರೆಯವರಾಗಿದ್ದರೆ ಅಗ್ಗದ್ದೇನಾದರೂ ಮಾಡುತ್ತಿದ್ದರು. ಪಾಟೂ 1930ರಲ್ಲಿ ‘ಜಾಯ್’ ಅನ್ನುವ ಸೆಂಟ್ ತಂದರು, ಜಗತ್ತಿನಲ್ಲೇ ಅತಿ ದುಬಾರಿ ಸೆಂಟ್ ಅಂತ ಸಾರಿ ಹೇಳಿ ಮಾರಿದರು. ಹದ ಆಂರಿ ಅಲ್ಮೆರಾಸ್ ಅವರದ್ದು. ಸುಮಾರು 30 ಮಿಲಿಯ ಒಂದು ಬಾಟಲಿಗೆ 10,600 ಮಲ್ಲಿಗೆ ಹೂ, 28 ಡಜನ್ ಗುಲಾಬಿ ಅಂತ ಕಂಪನಿಯೇ ಹೇಳಿಕೊಳ್ಳುತ್ತಿತ್ತು. ಅಲ್ಲಿಯ ಹೂವು ಜಾಜಿ, ನಮ್ಮದು ದುಂಡುಮಲ್ಲಿಗೆ, ಆದರೂ ನನ್ನ ತಲೆ ಊರಿನ ಲೆಕ್ಕಕ್ಕೇ ಹೋಯಿತು. ಹದಿಮೂರು ಚೆಂಡಿಗೂ ಸ್ವಲ್ಪ ಜಾಸ್ತಿ. ಮೂರು ಅಟ್ಟೆ ದಾಟುತ್ತದೆ. ಒಂದು ಮದುವೆಗೆ ಬಂದ ಅತ್ತೆ, ಚಿಕ್ಕಮ್ಮ, ನಾದಿನಿ, ಓರಗಿತ್ತಿ ಎಲ್ಲರ ತಲೆಗೂ ಆಗುವಷ್ಟು ಹೂವು ಒಂದು ಅಂಗೈಯಗಲದ ಬಾಟಲಿಯಲ್ಲಿ. ದುಬಾರಿ ಅನ್ನುವ ಮಾತು ನನಗೆ ಅಲ್ಲಿಂದ ಬೇರೆ ಥರ ಕೇಳತೊಡಗಿತು. ಮೂರು ಅಟ್ಟೆ ಹೂವನ್ನು ಯಾರಾದರೂ ಪುಕ್ಕಟೆ ಕೊಡುತ್ತಾರಾ?

ಇನ್ನು ಹಚ್ಚಿಕೊಳ್ಳುವ ಸುಖ. ಗಾಢವಾದ ಮಲ್ಲಿಗೆಗೆ ಮೈಯ ಬಿಸಿ ಬೇಕು. ಕಾಗದದ ಪಟ್ಟಿಯ ಮೇಲೆ ಮೂಸಿ ಬೇಡ ಅಂದದ್ದನ್ನು ಚರ್ಮದ ಮೇಲೆ ನೋಡಿ, ಬೇರೆಯೇ ಆಗಿರುತ್ತದೆ. ಸ್ನಾನ ಮಾಡಿ, ಮೈ ಪೂರ್ತಿ ಒಣಗುವ ಮೊದಲು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿದ ಜಾಗಕ್ಕೆ ಹಾಕಿದರೆ ಬಹಳ ಹೊತ್ತು ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಮತ್ತು ಮಲ್ಲಿಗೆ ನಮ್ಮ ತಲೆಗೂದಲಿನ ಹಳೆಯ ಜೋಡಿ, ಚರ್ಮದ ಮೇಲೂ ಅವು ಜಗಳ ಆಡುವುದಿಲ್ಲ. ನಾನು ಮೊಣಕೈಯ ಒಳಬದಿಗೆ ಮತ್ತು ಕತ್ತಿನ ಹಿಂಭಾಗಕ್ಕೆ, ಮೊದಲು ಜಡೆ ಇರುತ್ತಿದ್ದ ಜಾಗಕ್ಕೆ ಹಾಕುತ್ತೇನೆ. ಅಲ್ಲಿ ಹಾಕಿದ್ದು ನಮಗೆ ನೇರವಾಗಿ ಬರುವುದಿಲ್ಲ. ತಲೆ ತಿರುಗಿಸಿದಾಗ, ಯಾರೋ ಕರೆದಾಗ ಹಿಂದೆ ನೋಡಿದರೆ, ಆಗ ಬರುತ್ತದೆ. ಬರುತ್ತದೆ ಅಂತ ಗೊತ್ತಿದ್ದರೂ ಪ್ರತಿ ಸಲ ಖುಷಿಯಾಗುತ್ತದೆ.

ಹವೆಯ ಮೇಲೂ ಹೋಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ, ಚಳಿಗೆ ಉಣ್ಣೆಯ ಶಾಲು ಹೊದ್ದಾಗ, ಮಲ್ಲಿಗೆ ಶಾಲಿನೊಳಗೇ ನನ್ನ ಜೊತೆ ಇರುತ್ತದೆ, ಬೇರೆಯವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅದೇ ಸೆಂಟ್ ಊರಿನ ಏಪ್ರಿಲ್ ಸೆಕೆಯಲ್ಲಿ ಅಂಗಳದ ಆಚೆ ತುದಿಗೆ ಹೋಗುತ್ತದೆ. ಅಲ್ಲಿ ಒಂದು ಹನಿಯೂ ಜಾಸ್ತಿ. ಮತ್ತೆ ಲಿಫ್ಟ್, ಬಸ್ಸು, ಆಸ್ಪತ್ರೆ, ಇಂಥ ಕಡೆ ಗಾಢ ಮಲ್ಲಿಗೆ ಬೇಡ. ಎಷ್ಟೋ ಜನರಿಗೆ ಇದರಿಂದ ನಿಜವಾಗಿಯೂ ತಲೆಸಿಡಿತ ಬರುತ್ತದೆ. ನನ್ನ ಸುಖ ಇನ್ನೊಬ್ಬರ ಹಣೆಗೆ ಯಾಕೆ ಬಡಿಯಬೇಕು.

ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಹೂವು ಮುಡಿಯಲು ನಮ್ಮಲ್ಲಿ ಅಪ್ಪಣೆ ಬೇಕು. ಹಾಗಂತ ಯಾರೂ ಬರೆದಿಟ್ಟಿಲ್ಲ, ಆದರೆ ಬೇಕು. ಹಬ್ಬ ಇರಬೇಕು, ಮದುವೆ ಇರಬೇಕು, ಮುತ್ತೈದೆ ಆಗಿರಬೇಕು. ಸುಮ್ನೆ ಮಂಗಳವಾರ ಮಧ್ಯಾಹ್ನ ಒಂದು ಚೆಂಡು ಮುಡಿದು ಕೂತರೆ ‘ಏನು ವಿಶೇಷ?’ ಅಂತ ಕೇಳುತ್ತಾರೆ. ಗಂಡ ಸತ್ತವಳು ಮುಡಿದರೆ ಕೇಳುವುದೂ ಇಲ್ಲ, ನೋಡುತ್ತಾರೆ.

ನನ್ನ ಸೋದರತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅವರ ಬದುಕು ನಡೆದದ್ದೇ ಮಲ್ಲಿಗೆಯಿಂದ. ಗಿಡಕ್ಕೆ ಗೊಬ್ಬರ ಹಾಕಿ, ಕೊಂಬೆ ಕತ್ತರಿಸಿ, ಹುಳ ಹಿಡಿದರೆ ಮದ್ದು ಹೊಡೆದು, ಮೊಗ್ಗು ಕಿತ್ತು, ನಾರು ಸೀಳಿ, ಚೆಂಡು ಕಟ್ಟಿ ಕಳಿಸುತ್ತಿದ್ದರು. ಬೆರಳೆಲ್ಲ ಮಲ್ಲಿಗೆ. ಊರಿನ ಎಷ್ಟು ಮದುಮಗಳಿಗೆ ಅವರ ಹೂವು ಹೋಗಿದೆಯೋ. ಅವರ ತುರುಬಿಗೆ ಮಾತ್ರ ಒಂದು ಮೊಗ್ಗೂ ಏರಲಿಲ್ಲ. ಯಾರೂ ಬಾಯಿಬಿಟ್ಟು ಬೇಡ ಅಂದಿರಲಿಲ್ಲ, ಅನ್ನುವ ಅಗತ್ಯ ಯಾರಿಗೂ ಬೀಳಲಿಲ್ಲ. ಇದು ಕ್ರೂರ ಪದ್ಧತಿ. ನಾನು ಇದನ್ನು ಮೆತ್ತಗೆ ಹೇಳಲಾರೆ.

ಒಂದು ಸಲ ಊರಿಗೆ ಹೋದಾಗ ಅವರ ಮಣಿಕಟ್ಟಿಗೆ ಮಲ್ಲಿಗೆ ಅತ್ತರು ಒಂದು ಚೂರು ಹಚ್ಚಿದೆ. ಮೂಗಿನ ಹತ್ತಿರ ತಂದರು, ಕೈ ದೂರ ಹಿಡಿದರು, ಮತ್ತೆ ತಂದರು. ‘ಎಂತದು ಮಾರಾಯ್ತಿ ಇದು? ಅಟ್ಟೆ ಬಿಚ್ಚಿದ ಹಾಗೆ ಬಂತಲ್ಲ’ ಅಂದರು. ಆಮೇಲೆ ಬೆಲೆ ಕೇಳಿದರು. ನಾನು ಅರ್ಧ ಹೇಳಿದೆ, ಅದಕ್ಕೂ ಬೈದರು. ಶೀಶೆಯನ್ನು ಅಲ್ಲೇ ಬಿಟ್ಟು ಬಂದೆ. ಈಗ ಅವರು ಅದನ್ನು ಸೀರೆ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ, ದಿನಾ ಸ್ನಾನ ಆದ ಮೇಲೆ ಹಚ್ಚಿಕೊಳ್ಳುತ್ತಾರೆ ಅಂತ ಅವರ ಸೊಸೆ ಹೇಳಿದಳು. ಮದುವೆಮನೆಗೆ ಹೋದಾಗಲೂ ಹಚ್ಚಿಕೊಂಡು ಹೋದರಂತೆ. ಪಕ್ಕದಲ್ಲಿ ಕೂತವರು ‘ಮಲ್ಲಿಗೆ ಯಾರು ಮುಡಿದದ್ದು, ಒಳ್ಳೆ ಪರಿಮಳ ಬರ್ತಾ ಉಂಟು’ ಅಂತ ಆಚೆ ಈಚೆ ನೋಡಿದರಂತೆ. ಅತ್ತೆ ಏನೂ ಹೇಳಲಿಲ್ಲವಂತೆ.

ಹೂವು ಮುಡಿಯುವ ಹಕ್ಕಿಗೆ ಸೆಂಟ್ ಬದಲಿ ಅಲ್ಲ. ಅತ್ತೆ ಹೂವೇ ಮುಡಿಯಲಿ ಅನ್ನುವುದು ನನ್ನ ಆಸೆ. ಹೇಳಿದ್ದೇನೆ, ಅವರು ಬೇಡ ಅನ್ನುತ್ತಾರೆ, ಅವರ ತಲೆ, ಅವರ ತೀರ್ಮಾನ, ನಾನು ಮೇಲೆ ಬೀಳುವುದಿಲ್ಲ. ಆದರೆ ಆಯುಷ್ಯವಿಡೀ ಬೇರೆಯವರ ತಲೆಗೆ ಪರಿಮಳ ಕಟ್ಟಿಕೊಟ್ಟವರು ಈಗ ತಮಗೋಸ್ಕರ ಸ್ವಲ್ಪ ಇಟ್ಟುಕೊಂಡಿದ್ದಾರೆ. ಸೆಂಟ್ ಹಚ್ಚುವುದು ಶೋಕಿ, ದುಡ್ಡಿದ್ದವರ ಚಟ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಗಂಡಸರಿಗೂ ಅಷ್ಟೇ. ಅತ್ತರು ಹಚ್ಚುವ ಹಿರಿಯರನ್ನು ಕೇಳಿ ನೋಡಿ, ಮಲ್ಲಿಗೆ ಹೆಂಗಸರದ್ದು ಅನ್ನುವ ಲೆಕ್ಕವೇ ಅಲ್ಲಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯ ಅತ್ತರು ಅಂಗಡಿಗಳ ಮುಂದೆ ನಿಂತರೆ, ಕೈಮೇಲೆ ಮಲ್ಲಿಗೆ ಸವರಿಸಿಕೊಂಡು ಮೂಸುತ್ತಾ ನಿಂತ ಗಂಡಸರು ಕಾಣುತ್ತಾರೆ. ಬಿಳಿ ಪಂಚೆಗೂ ಮಲ್ಲಿಗೆಗೂ ಬಹಳ ಚೆನ್ನಾಗಿ ಹೊಂದುತ್ತದೆ.

ಶುರುಮಾಡಬೇಕು ಅನ್ನುವವರು ದೊಡ್ಡ ಬಾಟಲಿಗೆ ಕೈಹಾಕಬೇಡಿ. ಎರಡು ಮಿಲಿಯ ಸಣ್ಣ ಶೀಶೆ ಸಾಕು. ಒಂದೇ ದಿನ ನಾಲ್ಕಾರು ಮೂಸಬೇಡಿ, ಮೂಗು ಬೇಗ ದಣಿಯುತ್ತದೆ, ಮೂರನೆಯದಕ್ಕೆ ಏನೂ ತಿಳಿಯುವುದಿಲ್ಲ. ಒಂದನ್ನು ಹಾಕಿಕೊಂಡು ಬೆಳಗ್ಗಿನಿಂದ ಮಲಗುವವರೆಗೆ ಅದರ ಜೊತೆ ಇರಿ. ಮೊದಲ ಹತ್ತು ನಿಮಿಷಕ್ಕೆ ತೀರ್ಪು ಕೊಡಬೇಡಿ, ಒಳ್ಳೆಯ ಮಲ್ಲಿಗೆ ಆಗಿನ್ನೂ ಮೊಗ್ಗು. ಜೋರು ಬೇಡ ಅನ್ನುವವರಿಗೆ ಹೆಡಿಯೋನ್ ಇರುವ ತೆಳು ಸೆಂಟುಗಳು ಬೇಕಾದಷ್ಟಿವೆ, ಅದರಿಂದ ಶುರುಮಾಡಿ ನಿಧಾನಕ್ಕೆ ಗಾಢದ ಕಡೆಗೆ ಬರಬಹುದು. ಅಬ್ಸಲ್ಯೂಟ್ ಸಿಕ್ಕಿದರೆ ಅದನ್ನು ನೇರವಾಗಿ ಮೈಗೆ ಹಾಕಬೇಡಿ, ಚರ್ಮ ಉರಿಯಬಹುದು. ಎಣ್ಣೆಯಲ್ಲಿ ಚೆನ್ನಾಗಿ ತೆಳುಮಾಡಿ ಒಂದು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡಿ. ಬಾಟಲಿಯನ್ನು ಬಿಸಿಲಿಗೆ, ಬಚ್ಚಲಿನ ಬಿಸಿಗೆ ಇಡಬೇಡಿ, ಕತ್ತಲ ಕಪಾಟಿನಲ್ಲಿ ಇಡಿ. ದಿನ ಕಳೆದ ಹಾಗೆ ಬಣ್ಣ ಕಂದಾದರೆ ಹೆದರಬೇಡಿ, ಇಂಡೋಲ್ ಇದ್ದರೆ ಹಾಗಾಗುತ್ತದೆ. ಬಿಳಿ ಸೀರೆಗೆ, ಬಿಳಿ ಅಂಗಿಗೆ ಮಾತ್ರ ಹೊಡೆಯಬೇಡಿ. ಆ ಕಲೆ ಎಷ್ಟು ತಿಕ್ಕಿದರೂ ಹೋಗುವುದು ಕಷ್ಟ.